ಕೌಟು ಕೊಬ್ಬರಿಗೂ ಗಿರಾಕಿ ಇದ್ದಾನೆ, ಗೆಲ್ಲದ ಆಟಗಾರನಿಗೆ?

ನಾಲ್ಕು ವರ್ಷಕ್ಕೊಮ್ಮೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದೇ ಡೈಲಾಗು. "ನೂರಾ ನಲವತ್ತು ಕೋಟಿ ಜನ, ಆರೇ ಆರು ಮೆಡಲ್ಲು. ನಾಚಿಕೆ ಆಗ್ಬೇಕು." 2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ವಾರ ಇದನ್ನು ಎಷ್ಟು ಬಾಯಿಂದ ಕೇಳಿದೆನೋ ಲೆಕ್ಕವಿಲ್ಲ. ಹೇಳುವವರೆಲ್ಲ ನನ್ನಂಥವರೇ. ಬಿ.ಇ. ಮಾಡಿ, ಎ.ಸಿ.ಯಲ್ಲಿ ಕೂತು, ಮಗ ಇನ್ನೂ ಪ್ಯಾಂಟಿನ ಗುಂಡಿ ಹಾಕಿಕೊಳ್ಳೋಕೆ ಕಲಿಯೋ ಮುಂಚೆಯೇ ಐಐಟಿ ಕೋಚಿಂಗ್ ಇರುವ ಸ್ಕೂಲು ಹುಡುಕುವವರು. ನಾಚಿಕೆ ಯಾರಿಗೆ ಆಗಬೇಕು ಸ್ವಾಮಿ?

ಇವರಿಗಿಂತ ಡೇಂಜರ್ ಇನ್ನೊಂದು ಗುಂಪಿದೆ. "ಪ್ಯಾಷನ್ ಫಾಲೋ ಮಾಡಿ, ದುಡ್ಡು ತಾನಾಗೇ ಬರುತ್ತೆ" ಅನ್ನುವವರು. ಇವರ ಭಾಷಣಕ್ಕೆ ಯಾವಾಗಲೂ ಗೆದ್ದವನ ಕತೆಯೇ ಉದಾಹರಣೆ. ಸೋತವರನ್ನು ಯಾರು ಸ್ಟೇಜಿಗೆ ಕರೀತಾರೆ ಹೇಳಿ?

ಈ ಎರಡು ಗುಂಪಿನ ಮೇಲೂ ಸಿಟ್ಟು ಬರೋಕೆ ಕಾರಣ ನಮ್ಮ ಚಿಕ್ಕಪ್ಪ. ಕಿಬ್ಬನಹಳ್ಳಿಯಲ್ಲಿ ನಾಲ್ಕು ಎಕರೆ ತೆಂಗಿನ ತೋಟ, ಒಬ್ಬನೇ ಮಗ, ಹದಿಮೂರು ವರ್ಷ. ಮಂಗನಂಥ ಚುರುಕು. ಯಾವುದೋ ಸೆಲೆಕ್ಷನ್‌ಗೆ ಪಿಟಿ ಮೇಷ್ಟ್ರು ಕರಕೊಂಡು ಹೋಗಿದ್ದಾರೆ, ಕೊಡಗಿನ ಕಡೆಯ ಒಂದು ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆಯಾಗಿದ್ದಾನೆ. ಹಾಕಿಗೆ! ನಮ್ಮೂರಲ್ಲಿ ಹಾಕಿ ಸ್ಟಿಕ್ಕನ್ನು ಸಿನಿಮಾದ ಹೊಡೆದಾಟದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರು ಕಮ್ಮಿ :) ಚಿಕ್ಕಪ್ಪ ಫೋನ್ ಮಾಡಿದರು. "ಮಗ, ನೀನು ಓದಿರೋನು. ಕಳ್ಸನೋ ಬ್ಯಾಡ್ವೋ ನೀನೇ ಹೇಳು. ಮುಂದೆ ಏನಾಯ್ತದೆ?"

ಮುಂದೆ ಏನಾಗುತ್ತೆ? ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇಲ್ಲ. ಕ್ಯಾಂಟೀನಿನ ದೇಶಭಕ್ತರ ಹತ್ತಿರವಾಗಲಿ ಪ್ಯಾಷನ್ ಭಾಷಣಕಾರರ ಹತ್ತಿರವಾಗಲಿ ಇದಕ್ಕೆ ಉತ್ತರ ಇಲ್ಲ.

ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಕೆನಡಾದವರು. ವಾರದ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಐಸ್ ಹಾಕಿ ಪುರಾಣ, ಆಮೇಲೆ ಬಗ್ ಲಿಸ್ಟು. ಕೇಳಿ ಕೇಳಿ ನನಗೂ ಆ ಆಟದ ದಾರಿ ಅರ್ಥವಾಯಿತು. ಹುಡುಗ ಹದಿನಾರಕ್ಕೆ ಜೂನಿಯರ್ ಲೀಗಿಗೆ ಹೋಗುತ್ತಾನೆ. ಅಂಥವು ಮೂರು ಲೀಗು, ಅರವತ್ತು ಚಿಲ್ಲರೆ ತಂಡ. ಬೇರೆ ಊರು, ಯಾರದೋ ಮನೆಯಲ್ಲಿ ವಾಸ, ಹಿಮದಲ್ಲಿ ರಾತ್ರಿಯಿಡೀ ಬಸ್ ಪ್ರಯಾಣ. ಹದಿನೆಂಟಾದರೆ ಎನ್‌ಎಚ್‌ಎಲ್ ಡ್ರಾಫ್ಟು. ಅಲ್ಲಿನ 32 ತಂಡಗಳು ಏಳು ಸುತ್ತಿನಲ್ಲಿ ವರ್ಷಕ್ಕೆ 224 ಹುಡುಗರನ್ನು ಆರಿಸುತ್ತವೆ. ಆಯ್ಕೆಯಾದವರಲ್ಲೂ ಹೆಚ್ಚಿನವರು ನೇರ ಮೇಲೆ ಹೋಗೋದಿಲ್ಲ. ಕೆಳಗೆ ಅಮೆರಿಕನ್ ಹಾಕಿ ಲೀಗಿದೆ, ಅದರ ಕೆಳಗೆ ಇನ್ನೊಂದಿದೆ, ಅದೂ ಆಗದಿದ್ದರೆ ಸ್ವೀಡನ್, ಫಿನ್ಲೆಂಡ್, ಜರ್ಮನಿ ಇವೆ. 2025-26ರ ಸೀಸನ್‌ನಲ್ಲಿ ಎನ್‌ಎಚ್‌ಎಲ್ ಆಟಗಾರನ ಕನಿಷ್ಠ ಸಂಬಳ 7,75,000 ಡಾಲರ್. ಅದನ್ನು ಬಿಡಿ, ಅದು ಗೆದ್ದವನ ಕತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಆ ಜೂನಿಯರ್ ಲೀಗುಗಳಲ್ಲಿ ಹುಡುಗ ಎಷ್ಟು ಸೀಸನ್ ಆಡುತ್ತಾನೋ ಅಷ್ಟು ವರ್ಷದ ಕಾಲೇಜು ಫೀಸು ಲೀಗಿನದು. ವೃತ್ತಿಪರ ಆಟಗಾರ ಆಗಲಿಲ್ಲವಾ? ಹೋಗು, ಓದು, ನಾವು ಕಟ್ಟುತ್ತೇವೆ ಅನ್ನುತ್ತಾರೆ. ಅಂದರೆ ಸೋಲುವವನನ್ನು ಮೊದಲೇ ಲೆಕ್ಕಕ್ಕೆ ಹಿಡಿದು ವ್ಯವಸ್ಥೆ ಕಟ್ಟಿದ್ದಾರೆ. ಅಲ್ಲೇನು ರಾಮರಾಜ್ಯ ಇಲ್ಲ, ಕನಿಷ್ಠ ಕೂಲಿ ಕೊಡಿ ಅಂತ ಇದೇ ಜೂನಿಯರ್ ಆಟಗಾರರು 2014ರಲ್ಲಿ ಕೋರ್ಟು ಹತ್ತಿದ್ದರು. ಆದರೂ ಅಲ್ಲಿನ ಅಪ್ಪ "ಮುಂದೆ ಏನಾಗುತ್ತೆ" ಅಂತ ಕೇಳಿದರೆ ಒಂದು ಕಾಗದ ತೋರಿಸಿ ಉತ್ತರ ಹೇಳಬಹುದು.

ಐಸ್ ಹಾಕಿ ನಮ್ಮ ದೇಶದಲ್ಲೂ ಇದೆ. 2025ರಲ್ಲಿ ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್‌ನಲ್ಲಿ ಕಂಚು ತಂದರು, ಹೆಚ್ಚಿನವರು ಲಡಾಖಿನವರು. ಗಂಡಸರಲ್ಲಿ ಬಲವಾದ ತಂಡಗಳು ಸೇನೆ ಮತ್ತು ಐಟಿಬಿಪಿ. ಅಂದರೆ ಯೂನಿಫಾರ್ಮ್ ಹಾಕಿದರೆ ಊಟ, ಆಟ ಅದರ ಜತೆಗೆ.

ನಮ್ಮ ಕರ್ನಾಟಕದ ಹಾಕಿ ಕತೆಯೂ ಇದೇ ಅಚ್ಚು. ಎಂ.ಪಿ. ಗಣೇಶ್ ಕೊಡಗಿನಿಂದ ಸೇನೆಗೆ ಸೇರಿ ಆಟಗಾರರಾದರು, 1972ರ ಮ್ಯೂನಿಕ್ ಕಂಚು, 1973ರ ವಿಶ್ವಕಪ್ ಬೆಳ್ಳಿ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಬಿಪಿಸಿಎಲ್ ನೌಕರರು. ರಘುನಾಥ್ ಇಂಡಿಯನ್ ಆಯಿಲ್. ಹಾಕಿ ಆಟಗಾರನ 'ವೃತ್ತಿ' ಅಂದರೆ ನಮ್ಮಲ್ಲಿ ರೈಲ್ವೆ, ಬ್ಯಾಂಕು, ಪೆಟ್ರೋಲ್ ಕಂಪನಿ. ಇದನ್ನು ನಾನು ಗೇಲಿ ಮಾಡ್ತಿಲ್ಲ. ಆ ನೌಕರಿಯೇ ನಮ್ಮ ಜೂನಿಯರ್ ಲೀಗು, ನಮ್ಮ ಪೆನ್ಷನ್ನು, ನಮ್ಮ ಇನ್ಶೂರೆನ್ಸು, ಎಲ್ಲ ಆಗಿತ್ತು. "ಸ್ಪೋರ್ಟ್ಸ್ ಕೋಟಾದವನು" ಅಂತ ಮೂಗು ಮುರಿಯುವವರು ಇದನ್ನು ಒಂದು ಸಲ ಯೋಚಿಸಲಿ.

ಆಮೇಲೆ ಲೀಗುಗಳ ಕಾಲ ಬಂತು. ಪ್ರೀಮಿಯರ್ ಹಾಕಿ ಲೀಗು 2005ರಲ್ಲಿ ಶುರುವಾಗಿ 2008ಕ್ಕೆ ಮುಗಿದೇ ಹೋಯಿತು. ಅದರಲ್ಲಿ ಬೆಂಗಳೂರಿನ ತಂಡವಾದರೂ ಇತ್ತು. 2013ರಲ್ಲಿ ಹಾಕಿ ಇಂಡಿಯಾ ಲೀಗು. ಮೊದಲ ಹರಾಜಿನಲ್ಲಿ ಸರ್ದಾರ್ ಸಿಂಗ್‌ಗೆ 78 ಸಾವಿರ ಡಾಲರ್, ಅವನ ಬೆನ್ನಿಗೇ ನಮ್ಮ ಕೊಡಗಿನ ವಿ.ಆರ್. ರಘುನಾಥ್‌ಗೆ 76 ಸಾವಿರ. ಎಲ್ಲರೂ ಚಪ್ಪಾಳೆ ಹೊಡೆದರು. ರಘುನಾಥ್ ಆಡಿದ್ದು ಉತ್ತರ ಪ್ರದೇಶದ ತಂಡಕ್ಕೆ, ಯಾಕೆಂದರೆ ಕರ್ನಾಟಕದ ಹೆಸರಿನಲ್ಲಿ ತಂಡವೇ ಇರಲಿಲ್ಲ. 2017ರ ನಂತರ ಆ ಲೀಗೂ ನಿಂತಿತು. ಮತ್ತೆ ಶುರುವಾದದ್ದು 2024ರ ಡಿಸೆಂಬರ್ ಕೊನೆಗೆ. 2017ರಲ್ಲಿ ಹದಿನೆಂಟಿದ್ದ ಹುಡುಗನಿಗೆ ಅಷ್ಟರಲ್ಲಿ ಇಪ್ಪತ್ತೈದು! ಆ ಏಳು ವರ್ಷ ಅವನು ಏನು ಮಾಡಬೇಕಿತ್ತು? ಮತ್ತೆ ಶುರುವಾದಾಗಲೂ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ದೇಶದ ತಂಡ ಕ್ಯಾಂಪ್ ಮಾಡೋದು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ, ನೆನಪಿರಲಿ.

ಫಲ ಕಣ್ಣೆದುರಿಗಿದೆ. 2016ರ ರಿಯೋ ಒಲಿಂಪಿಕ್ಸ್ ಪುರುಷರ ತಂಡದಲ್ಲಿ ನಾಲ್ಕು ಜನ ಕೊಡಗಿನವರು: ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. 2021ರಲ್ಲಿ ನಡೆದ ಟೋಕಿಯೋದಲ್ಲಿ ಕರ್ನಾಟಕದವರು ಸೊನ್ನೆ. 2024ರ ಪ್ಯಾರಿಸ್‌ನಲ್ಲೂ ಸೊನ್ನೆ. ಎರಡೂ ಕಡೆ ಭಾರತಕ್ಕೆ ಕಂಚು ಬಂತು, ನಾವು ಟಿವಿ ಮುಂದೆ ಕೂತು ಕುಣಿದೆವು. ಸೋಮವಾರಪೇಟೆಯ ಬಡಗಿಯ ಮಗ ಸುನಿಲ್ 264 ಪಂದ್ಯ ಆಡಿ 2021ರ ಅಕ್ಟೋಬರಿನಲ್ಲಿ ನಿವೃತ್ತಿ ಹೇಳಿದರು.

ಹುಡುಗರಿಗೆ ಆಸೆ ಕಮ್ಮಿಯಾಗಿದೆ ಅನ್ನಬೇಡಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಬಂದು ಗಿನ್ನೆಸ್ ದಾಖಲೆ ಆಯಿತು. ಮೊದಲ ಮೆಟ್ಟಿಲು ಬಯಲಿನಷ್ಟು ಅಗಲ ಇದೆ, ಮೇಲಿನ ಅಟ್ಟವೂ ಇದೆ. ನಡುವೆ ಏಣಿ ಇಲ್ಲ.

ಏಣಿಯಿಂದ ಬಿದ್ದವರು ಎಲ್ಲಿರುತ್ತಾರೆ ಅಂತ ನೋಡಬೇಕಾ? ನಮ್ಮ ಕೆ.ಬಿ. ಕ್ರಾಸಿಗೆ ಬನ್ನಿ. ತುಮಕೂರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ನಾಲ್ಕೂ ದಿಕ್ಕಿನ ಬಸ್ಸು ಅಲ್ಲಿ ನಿಲ್ಲುತ್ತೆ. ಅಲ್ಲಿ ಗೂಡ್ಸ್ ಆಟೋ ಓಡಿಸುವ ಒಬ್ಬ ನನ್ನ ಹೈಸ್ಕೂಲಿನ ಸೀನಿಯರ್. ಕ್ರೀಡಾ ಹಾಸ್ಟೆಲ್‌ನಲ್ಲಿ ಐದು ವರ್ಷ ಇದ್ದವನು, ಜೂನಿಯರ್ ರಾಜ್ಯ ತಂಡಕ್ಕೆ ಆಡಿದವನು. ಹತ್ತೊಂಬತ್ತಕ್ಕೆ ಮಂಡಿಯ ಲಿಗಮೆಂಟ್ ಹೋಯಿತು. ಆಪರೇಷನ್‌ಗೆ ಮನೆಯವರು ಸಾಲ ಮಾಡಿದರು. ಟೂರ್ನಮೆಂಟುಗಳ ಮಧ್ಯೆ ಸೆಕೆಂಡ್ ಪಿಯುಸಿ ಪರೀಕ್ಷೆ ತಪ್ಪಿತ್ತು, ಅದನ್ನು ಮತ್ತೆ ಬರೆಸುವವರು ಯಾರೂ ಇರಲಿಲ್ಲ. ಹಾಸ್ಟೆಲ್‌ನಿಂದ ಬಂದದ್ದು ಒಂದು ಟ್ರಂಕು ಮತ್ತು ಹದಿನೇಳು ಸರ್ಟಿಫಿಕೇಟು. ಅವನ ವಯಸ್ಸಿನ, ಅವನ ಕಾಲುಭಾಗ ಶ್ರಮವನ್ನೂ ಪಡದ ನಾನು ಏಳು ಸಬ್ಜೆಕ್ಟ್ ಬ್ಯಾಕ್ ಇಟ್ಟುಕೊಂಡು, ಹೇಗೋ ಎದ್ದು, ಸಾಫ್ಟ್‌ವೇರಿಗೆ ಬಂದೆ. ನಮ್ಮಲ್ಲಿ ಪ್ರಾಜೆಕ್ಟ್ ಇಲ್ಲದಿದ್ದರೆ 'ಬೆಂಚ್' ಮೇಲೆ ಕೂರಿಸುತ್ತಾರೆ, ಕೂತಷ್ಟು ದಿನ ಸಂಬಳ ಬರುತ್ತೆ. ಆಟದಲ್ಲೂ ಬೆಂಚ್ ಇದೆ, ಅಲ್ಲಿ ಕೂತವನಿಗೆ ಏನಿದೆ?

ಅಪ್ಪ ಅಮ್ಮಂದಿರು ಮಕ್ಕಳನ್ನು ಇಂಜಿನಿಯರಿಂಗಿಗೆ ನೂಕುವುದು ಆ ವಿದ್ಯೆಯ ಮೇಲಿನ ಪ್ರೀತಿಯಿಂದಲ್ಲ ಸ್ವಾಮಿ. ಆ ದಾರಿಯಲ್ಲಿ ಸಾಧಾರಣದವನಿಗೂ ಊಟ ಇದೆ ಅಂತ. ಇದು ಹೇಡಿತನ ಅಲ್ಲ, ಲೆಕ್ಕ.

ಈ ಲೆಕ್ಕ ನಮ್ಮ ಸೀಮೆಯವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂರಬೇಕು, ಒಳಗಿನ ನೀರು ಬತ್ತಬೇಕು. ಒಂದಷ್ಟು ಕೌಟಾಗೇ ಆಗುತ್ತೆ. ಹಾಗಂತ ಯಾರೂ ಎಸೆಯೋದಿಲ್ಲ. ಕೌಟು ಎಣ್ಣೆಗೆ ಹೋಗುತ್ತೆ, ಚಿಪ್ಪು ಇದ್ದಿಲಿಗೆ, ಮಟ್ಟೆ ನಾರಿಗೆ. 2023ರಲ್ಲಿ ಬೆಲೆ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಾಗ ತಿಪಟೂರಿನಲ್ಲಿ ರೈತರು ಬೀದಿಗಿಳಿದು ಕೇಳಿದ್ದು ಬಹುಮಾನವನ್ನಲ್ಲ, ಬೆಂಬಲ ಬೆಲೆಯನ್ನು. ಅತಿ ದೊಡ್ಡ ಕೊಬ್ಬರಿ ಬೆಳೆದವನಿಗೆ ಆರು ಕೋಟಿ ಕೊಡ್ತೀವಿ, ಉಳಿದವರು ಮನೆಗೆ ಹೋಗಿ ಅಂದಿದ್ದರೆ ಸರ್ಕಾರದ ಗತಿ ಏನಾಗುತ್ತಿತ್ತು?

ಆಟಗಾರರಿಗೆ ಹೇಳಿರೋದು ಅದನ್ನೇ! ಒಲಿಂಪಿಕ್ಸ್ ಚಿನ್ನಕ್ಕೆ 6 ಕೋಟಿ ಅಂತ ರಾಜ್ಯ ಸರ್ಕಾರ ಘೋಷಿಸಿತು. ಅದೇ ಸರ್ಕಾರ 2028ರ ಒಲಿಂಪಿಕ್ಸ್‌ಗೆ 60 ಜನರನ್ನು ಆರಿಸಿ ವರ್ಷಕ್ಕೆ ತಲಾ 10 ಲಕ್ಷ ಕೊಡುತ್ತೇವೆ ಎಂದೂ ಹೇಳಿತು. ಇದು ಒಳ್ಳೆಯದೇ, ಇಲ್ಲವೆನ್ನೋದಿಲ್ಲ. ಗುಣಿಸಿ ನೋಡಿ, ಅದೂ ವರ್ಷಕ್ಕೆ 6 ಕೋಟಿಯೇ. ಒಂದು ಪದಕದ ಬೆಲೆಯೂ ಅರವತ್ತು ಜನರ ಒಂದು ವರ್ಷವೂ ಒಂದೇ ತೂಕ. ಅದರ ಕೆಳಗೆ, ಹಾಸ್ಟೆಲ್‌ನಲ್ಲಿರುವ ಸಾವಿರಾರು ಮಕ್ಕಳ ತೂಕ ಎಷ್ಟು?

ಗೆದ್ದವರಿಗಾದರೂ ನೆಟ್ಟಗೆ ಸಿಗುತ್ತಾ ಅಂದರೆ ಖೋ ಖೋ ನೋಡಿ. ನಮ್ಮ ತಿಪಟೂರು ಸೀಮೆಯ ಶಾಲೆಗಳಲ್ಲಿ ಹಾಕಿ ಇಲ್ಲದಿದ್ದರೂ ಖೋ ಖೋ ಕಂಬ ಇದ್ದೇ ಇರುತ್ತೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಎರಡೂ ತಂಡ ಗೆದ್ದವು. ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಆ ತಂಡಗಳಲ್ಲಿದ್ದರು. ನಮ್ಮ ಸರ್ಕಾರ ತಲಾ 5 ಲಕ್ಷ ಅಂದಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದ ಹಣದ ಜತೆ ಸರ್ಕಾರಿ ನೌಕರಿ ಅಂದಿತ್ತು. ಇವರಿಬ್ಬರೂ ಆ 5 ಲಕ್ಷ ಬೇಡ ಅಂದರು. ಅಹಂಕಾರ ಅಂತ ಕೆಲವರು ಕಾಮೆಂಟ್ ಹಾಕಿದರು. ನನಗೆ ಆ ದಿನ ಅವರಷ್ಟು ಬುದ್ಧಿವಂತರು ಬೇರೆ ಯಾರೂ ಕಾಣಲಿಲ್ಲ. ಐದು ಲಕ್ಷ ಎರಡು ವರ್ಷಕ್ಕೆ ಕರಗುತ್ತೆ, ನೌಕರಿ ಕರಗೋದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಹಾಸ್ಟೆಲ್‌ನಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ವರ್ಷದ ಕಾಲೇಜೋ ಐಟಿಐಯೋ, ಫೀಸು ಸರ್ಕಾರದ್ದು, ಆಯ್ಕೆ ಪತ್ರದಲ್ಲೇ ಬರೆದು ಕೊಡಲಿ. ಆಟದಲ್ಲಿ ಆದ ಗಾಯಕ್ಕೆ ಆಟ ಬಿಟ್ಟ ಮೇಲೂ ಚಿಕಿತ್ಸೆ ಸಿಗಲಿ. ನೌಕರಿಯ ಮೀಸಲಾತಿಯನ್ನು ಪದಕಕ್ಕೆ ಮಾತ್ರ ಕಟ್ಟಿಹಾಕದೆ, ಜೂನಿಯರ್ ರಾಜ್ಯ ತಂಡಕ್ಕೆ ಆಡಿದವನಿಗೂ ಪಿಟಿ ಮೇಷ್ಟ್ರೋ ಕೋಚೋ ಆಗುವ ದಾರಿ ಇಡಲಿ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಆ ಕುರ್ಚಿ ಖಾಲಿಯೇ ಬಿದ್ದಿದೆಯಲ್ಲ. ದುಡ್ಡಿಲ್ಲ ಅಂದರೆ ಆ ಆರು ಕೋಟಿಯಲ್ಲಿ ಒಂದು ಕೋಟಿ ಕಮ್ಮಿ ಮಾಡಿ, ಚಿನ್ನ ಗೆದ್ದವರು ಖಂಡಿತ ಬೇಜಾರು ಮಾಡಿಕೊಳ್ಳೋದಿಲ್ಲ.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟು: ಕಳಿಸಿ, ಆದರೆ ಸೇರಿಸುವ ದಿನ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಮಂಡಿ ಹೋದರೆ ಖರ್ಚು ಯಾರದು? ಟೂರ್ನಮೆಂಟಿಗೆ ಹೋಗಿ ಪರೀಕ್ಷೆ ತಪ್ಪಿದರೆ ಮತ್ತೆ ಬರೆಸೋದು ಯಾರು? ಹೋದ ಐದು ವರ್ಷದಲ್ಲಿ ಇಲ್ಲಿಂದ ಹೊರಬಿದ್ದ ಹುಡುಗರು ಈಗ ಎಲ್ಲಿದ್ದಾರೆ? ಮೂರನೆಯದಕ್ಕೆ ಅಲ್ಲಿ ಪಟ್ಟಿಯೇ ಇಲ್ಲದಿದ್ದರೆ ನನಗೆ ಫೋನ್ ಮಾಡಿ, ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂದಿದ್ದೇನೆ. ಹಾಸ್ಟೆಲ್‌ನಲ್ಲಿದ್ದು ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಲ್ಕನೇ ಪ್ರಶ್ನೆ ಏನು ಕೇಳಬೇಕು ಅಂತ ಕಾಮೆಂಟಿನಲ್ಲಿ ತಿಳಿಸಿ. ಶಾಲೆ ಶುರುವಾಗೋಕೆ ಇನ್ನು ಮೂರು ವಾರ ಇದೆ.