ಹಾಸಿದ ಜಮಖಾನ ಉಳಿಯಿತು, ಕಟ್ಟಿಟ್ಟ ರತ್ನಗಂಬಳಿ ಹೋಯಿತು



ಬಾಗಿಲಲ್ಲಿ ಆಟೋ ನಿಂತ ಸದ್ದಾಗುತ್ತದೆ. ಹೇಳದೆ ಕೇಳದೆ ನೆಂಟರು ಬಂದಿಳಿಯುತ್ತಾರೆ. ಆಗ ನಾವು ಮಾಡುವ ಮೊದಲ ಕೆಲಸ ಯಾವುದು ಹೇಳಿ? ಸೆರಗು ಸರಿಮಾಡಿಕೊಳ್ಳುವುದು. ಎರಡನೆಯದು, ನಡುಮನೆಯ ಜಮಖಾನದ ಮೇಲೆ ಬಿದ್ದ ಚಕ್ಕುಲಿ ಚೂರನ್ನು ಯಾರಿಗೂ ಕಾಣದ ಹಾಗೆ ಕಾಲಿನಿಂದಲೇ ಅದರ ಅಡಿಗೆ ತಳ್ಳುವುದು! ನಗಬೇಡಿ, ನಾನೂ ಮಾಡಿದ್ದೇನೆ. ಆ ಚೂರು ಅಲ್ಲೇ ಉಳಿಯುತ್ತದೆ, ಇರುವೆ ಬರುತ್ತದೆ, ಇರುವೆಯ ಹಿಂದೆ ಜಿರಲೆ ಬರುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಸೊಂಟ ಮುರಿಯುವಷ್ಟು ಕೆಲಸ ನಮ್ಮ ತಲೆಗೇ ಕಟ್ಟಿಟ್ಟದ್ದು.

ಹಾಸುಗಳ ಆರೈಕೆಗೆ ದೊಡ್ಡ ಖರ್ಚು ಬೇಡ, ದೊಡ್ಡ ಯಂತ್ರವೂ ಬೇಡ. ದಿನಕ್ಕೆ ಐದು ನಿಮಿಷದ ಅಭ್ಯಾಸ ಸಾಕು. ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ರತ್ನಗಂಬಳಿಯನ್ನು ಕಳೆದುಕೊಂಡ ಮೇಲೆ. ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

1978ರಲ್ಲಿ ನನ್ನ ಮದುವೆಯಾದಾಗ ನಮ್ಮಪ್ಪ ಮೈಸೂರಿನ ದಸರಾ ವಸ್ತುಪ್ರದರ್ಶನದಿಂದ ಉಣ್ಣೆಯ ಒಂದು ರತ್ನಗಂಬಳಿ ತಂದುಕೊಟ್ಟರು. ಕೆಂಪು ನೆಲ, ನಡುವೆ ಹೂಬಳ್ಳಿ, ಅಂಚಿಗೆ ಬಿಳಿ ಕುಚ್ಚು. ಮೇಷ್ಟ್ರ ಸಂಬಳದಲ್ಲಿ ಅದನ್ನು ಹೇಗೆ ಕೊಂಡರೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಷ್ಟು ಬೆಲೆಬಾಳುವುದನ್ನು ದಿನಾ ಹಾಸುವುದುಂಟೇ ಅಂತ ನಾನು ಅದನ್ನು ಎಂಟು ಮಡಿಕೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟೆ. ಮೊದಮೊದಲು ವರ್ಷಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಆಮೇಲೆ ಮಕ್ಕಳು, ಮರಿ, ಮನೆ ತುಂಬ ಕೆಲಸ. ಅದೂ ನಿಂತಿತು.

2005ರಲ್ಲಿ ಮಗಳ ನಿಶ್ಚಿತಾರ್ಥ. ಬೀಗರು ಕೂರುವುದು ಅಪ್ಪ ಕೊಟ್ಟ ರತ್ನಗಂಬಳಿಯ ಮೇಲೇ ಅಂತ ಹಿಂದಿನ ದಿನ ಪೆಟ್ಟಿಗೆ ಇಳಿಸಿದೆ. ಬಿಚ್ಚಿದರೆ ಏನು ಹೇಳಲಿ! ಮಡಿಕೆ ಮಡಿಕೆಗೂ ತೂತು. ಉಣ್ಣೆ ಹಿಡಿಹಿಡಿಯಾಗಿ ಕೈಗೆ ಬಂತು. ಅಡಿಯ ನೂಲಿನ ಬಲೆ ಮಾತ್ರ ಉಳಿದಿತ್ತು. ಅಪ್ಪ ಆಗಲೇ ತೀರಿಕೊಂಡಿದ್ದರು. ಅಟ್ಟದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಮಾರನೆಯ ದಿನ ಬೀಗರು ಕೂತದ್ದು ಯಾವುದರ ಮೇಲೆ ಗೊತ್ತೇ? ಮನೆಯಲ್ಲಿ ದಿನವೂ ಹಾಸಿದ್ದ ನಮ್ಮ ಅತ್ತೆಯ ನವಲಗುಂದದ ಜಮಖಾನದ ಮೇಲೆ. ಅತ್ತೆಯ ಅಣ್ಣ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಗ ತಂದುಕೊಟ್ಟದ್ದು, ನನ್ನ ಮದುವೆಗೂ ಮುಂಚಿನದು. ಅದರ ಮೇಲೆ ಮಕ್ಕಳು ಅಂಬೆಗಾಲಿಟ್ಟಿವೆ, ಊಟದ ಎಲೆ ಬಿದ್ದಿದೆ, ಹಪ್ಪಳ ಒಣಗಿದೆ. ಆದರೂ ಅಂಚಿನ ನವಿಲುಗಳು ಹಾಗೇ ನಿಂತಿದ್ದವು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಈ ಜಮಖಾನಗಳನ್ನು ಹತ್ತಿಯ ನೂಲಿನಲ್ಲಿ ನೇಯುವವರು ಹೆಂಗಸರು. ನವಿಲು, ಪಗಡೆ ಹಾಸು ಇವೆಲ್ಲ ಅವರ ಕೈಯ ಚಿತ್ತಾರಗಳು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ದಿನಾ ತುಳಿದದ್ದು ಉಳಿಯಿತು, ಜೋಪಾನವಾಗಿ ಇಟ್ಟದ್ದು ಹೋಯಿತು. ಇದು ಹೇಗೆ?

ತಿನ್ನುವುದು ಚಿಟ್ಟೆಯಲ್ಲ, ಮರಿ

ಕಾರಣ ಸುಲಭ. ಉಣ್ಣೆ, ರೇಷ್ಮೆ, ಕೂದಲು, ಗರಿ ಇವನ್ನು ತಿನ್ನುವ ನುಸಿ ಒಂದಿದೆ. ಸಂಜೆ ಹಾರಾಡುವ ಹೊಂಬಣ್ಣದ ಪುಟ್ಟ ಪತಂಗ ಏನನ್ನೂ ತಿನ್ನುವುದಿಲ್ಲ. ಅದು ಉಣ್ಣೆಯ ಮೇಲೆ ಇಡುವ ಮೊಟ್ಟೆಯಿಂದ ಹೊರಡುವ ಹುಳುವೇ ನಮ್ಮ ಶತ್ರು. ಅದಕ್ಕೆ ಬೇಕಾದದ್ದು ಕತ್ತಲೆ, ಬೆಚ್ಚಗಿನ ಮೂಲೆ, ಯಾರೂ ಕೈಹಾಕದ ನೆಮ್ಮದಿ. ನನ್ನ ಪೆಟ್ಟಿಗೆಯಲ್ಲಿ ಈ ಮೂರೂ ಇದ್ದವು! ಬೆಳಕು, ಗಾಳಿ, ಪೊರಕೆ ಇವು ಮೂರು ಅದಕ್ಕೆ ಆಗದು. ದಿನಾ ಗುಡಿಸುವ, ಆಗಾಗ ಎತ್ತಿ ಕೊಡಹುವ ಹಾಸಿನಲ್ಲಿ ಅದು ಸಂಸಾರ ಹೂಡಲಾರದು.

ಹತ್ತಿಯ ಜಮಖಾನವನ್ನು ಈ ನುಸಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದಕ್ಕೆ ಶತ್ರುಗಳು ತೇವ, ಬೂಷ್ಟು ಮತ್ತು ಇಲಿ. ನೈಲಾನಿನಂಥ ಕೃತಕ ನೂಲಿನ ಕಾರ್ಪೆಟ್‌ಗೆ ನುಸಿಯೂ ಇಲ್ಲ, ಬೂಷ್ಟೂ ಕಡಮೆ. ಆದರೆ ಮಣ್ಣಿಗೆ ಮಾತ್ರ ಎಲ್ಲವೂ ಒಂದೇ. ಕಾಲಿನಿಂದ ಬರುವ ಮರಳಿನ ಕಣಗಳು ಎಳೆಗಳ ಬುಡಕ್ಕೆ ಇಳಿಯುತ್ತವೆ. ಮೇಲೆ ನಡೆದಾಗಲೆಲ್ಲ ಅರದ ಹಾಗೆ ಬುಡವನ್ನು ಕೊಯ್ಯುತ್ತವೆ. ಹಾಸು ಸವೆಯಿತು ಅನ್ನುತ್ತೇವಲ್ಲ, ಸವೆಸುವುದು ಕಾಲಿಗಿಂತ ಹೆಚ್ಚಾಗಿ ಕಾಲಿಗಂಟಿದ ಮಣ್ಣು.

ದಿನದ ಐದು ನಿಮಿಷ

ಮೊದಲ ಕೆಲಸ ಹಾಸಿನಲ್ಲಲ್ಲ, ಬಾಗಿಲಲ್ಲಿ. ಹೊಸ್ತಿಲ ಹೊರಗೆ ತೆಂಗಿನ ನಾರಿನ ಒರಟು ಕಾಲೊರಸು, ಒಳಗೆ ಹಳೆಯ ಟವೆಲ್ಲಿನ ಮೆತ್ತನೆಯದು, ಹೀಗೆ ಎರಡು ಇಡಿ. ಒರಟಿಗೆ ಮಣ್ಣು, ಮೆತ್ತನೆಯದಕ್ಕೆ ನೀರು. ಚಪ್ಪಲಿ ಹೊರಗೇ ಇರಲಿ.

ಬೆಳಿಗ್ಗೆ ಮನೆ ಗುಡಿಸುವಾಗ ಹಾಸನ್ನೂ ಮೆದು ಪೊರಕೆಯಿಂದ ಎಳೆ ಮಲಗಿದ ದಿಕ್ಕಿಗೇ ಗುಡಿಸಿ. ಕೈ ಆಡಿಸಿದರೆ ಯಾವ ಕಡೆ ನುಣುಪೋ ಅದೇ ದಿಕ್ಕು. ಹಿಡಿಕಡ್ಡಿಯಿಂದ ಬರಬರ ಕೆರೆಯಬೇಡಿ, ಎಳೆ ಕಿತ್ತುಬರುತ್ತದೆ. ಹೊಸ ಉಣ್ಣೆಯ ಹಾಸಿನಿಂದ ಕೆಲವು ತಿಂಗಳು ನಯವಾದ ಎಳೆ ಉದುರುವುದು ಸಹಜ, ಹೆದರಬೇಕಾಗಿಲ್ಲ. ಎಲ್ಲಾದರೂ ಒಂದು ನೂಲು ಮೇಲೆದ್ದಿದ್ದರೆ ಎಳೆಯಬೇಡಿ, ಕತ್ತರಿಯಿಂದ ಸಮವಾಗಿ ಕತ್ತರಿಸಿ.

ರಾತ್ರಿ ಮಲಗುವ ಮುಂಚೆ ತಿಂಡಿಯ ಚೂರು, ಪೆನ್ಸಿಲ್ ಹೊಟ್ಟು ಎತ್ತಿಬಿಡಿ. ಇದು ಮಕ್ಕಳ ಕೆಲಸವಾಗಲಿ. "ಕೂತವರೇ ಎತ್ತಬೇಕು" ಅನ್ನುವುದು ನಮ್ಮ ಮನೆಯ ಕಾನೂನು. ಗಂಡಸರಿಗೂ ಅದು ಅನ್ವಯ! ಮೊದಲು ಗೊಣಗುತ್ತಾರೆ, ಹದಿನೈದು ದಿನದಲ್ಲಿ ರೂಢಿಯಾಗುತ್ತದೆ.

ವಾರಕ್ಕೊಮ್ಮೆ, ತಿಂಗಳಿಗೊಮ್ಮೆ

ವಾರಕ್ಕೊಮ್ಮೆ ಹಾಸನ್ನು ಪೂರ್ತಿ ಎತ್ತಿ, ಅಡಿಯ ನೆಲ ಒರೆಸಿ. ನೆಲ ಚೆನ್ನಾಗಿ ಒಣಗದೆ ಮತ್ತೆ ಹಾಸಬೇಡಿ. ವ್ಯಾಕ್ಯೂಮ್ ಕ್ಲೀನರ್ ಇರುವವರು ಆ ದಿನ ಹಾಸಿನ ಎರಡೂ ಮೈಗೆ ಹಿಡಿಯಿರಿ, ಆದರೆ ಕುಚ್ಚನ್ನು ಅದರ ಬಾಯಿಗೆ ಕೊಡಬೇಡಿ. ಸೋಫಾ, ಮಂಚದ ಅಡಿಗೆ ಸೇರಿದ ಅಂಚನ್ನು ಮರೆಯಬೇಡಿ. ನುಸಿಗೆ ಇಷ್ಟವಾದ ಜಾಗ ಅದೇ.

ತಿಂಗಳಿಗೊಮ್ಮೆ ಅಂಗಳದ ಹಗ್ಗಕ್ಕೆ ಹಾಕಿ, ಬೆನ್ನಿನ ಕಡೆಯಿಂದ ಕೋಲಿನಲ್ಲಿ ತಟ್ಟಿ. ಮುಖದ ಕಡೆಯಿಂದ ಬಡಿದರೆ ಮಣ್ಣು ಇನ್ನಷ್ಟು ಒಳಗೆ ಹೋಗುತ್ತದೆ. ಕುಚ್ಚಿನ ಬಳಿ ಮೆಲ್ಲಗೆ. ಬಣ್ಣದ ಹಾಸಾದರೆ ಬೆನ್ನು ಮೇಲೆ ಮಾಡಿ ಬೆಳಗಿನ ಎಳೆಬಿಸಿಲಿನಲ್ಲಿ ಒಂದು ಗಂಟೆ ಸಾಕು. ಉರಿಬಿಸಿಲಲ್ಲಿ ದಿನವಿಡೀ ಬಿಟ್ಟರೆ ಬಣ್ಣ ಇಳಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹಾಸನ್ನು ತಲೆಕಡೆ ಕಾಲುಕಡೆ ತಿರುಗಿಸಿ ಹಾಸಿ. ಬಾಗಿಲ ಕಡೆಯ ಭಾಗವೊಂದೇ ಸವೆಯುವುದು ತಪ್ಪುತ್ತದೆ.

ತಟ್ಟುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳಿ. ಮನೆಯಲ್ಲಿ ಉಬ್ಬಸದವರಿದ್ದರೆ, ಸೀನುವ ಮಕ್ಕಳಿದ್ದರೆ ಅವರನ್ನು ದೂರ ಕಳಿಸಿ. ಹಾಸಿನ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿರುತ್ತವೆ. ಅವುಗಳ ಹಿಕ್ಕೆ ಕೆಲವರಿಗೆ ಉಬ್ಬಸ ಎಬ್ಬಿಸುತ್ತದೆ. ಅಂಥವರು ಮಲಗುವ ಕೋಣೆಯಲ್ಲಿ ದಪ್ಪ ಕಾರ್ಪೆಟ್ ಬೇಡವೇ ಬೇಡ, ಒರೆಸಲು ಬರುವ ಬರಿನೆಲವೇ ಲೇಸು.

ಕಲೆ ಬಿದ್ದಾಗ

ಇಲ್ಲಿ ಒಂದೇ ಮಂತ್ರ: ಉಜ್ಜಬೇಡಿ, ಒತ್ತಿ. ಕಾಫಿಯೋ ಸಾರೋ ಚೆಲ್ಲಿದ ಕೂಡಲೇ ಬಿಳಿ ಹತ್ತಿ ಬಟ್ಟೆಯಿಂದ, ಅಂಚಿನಿಂದ ನಡುವಿಗೆ ಬರುತ್ತಾ ಒತ್ತಿ ಹೀರಿಸಿ. ನಡುವಿನಿಂದ ಉಜ್ಜಿದರೆ ಕಾಸಿನಗಲದ ಕಲೆ ತಟ್ಟೆಯಗಲವಾಗುತ್ತದೆ. ಆಮೇಲೆ ತಣ್ಣೀರು ಚಿಮುಕಿಸಿ ಮತ್ತೆ ಒತ್ತಿ. ಹಾಲು, ಮೊಸರಿಗೂ ತಣ್ಣೀರೇ. ಬಿಸಿನೀರು ಹಾಕಿದರೆ ಹಾಲಿನ ಕಲೆ ಕಚ್ಚಿಕೊಳ್ಳುತ್ತದೆ.

ಎಣ್ಣೆ, ತುಪ್ಪ ಬಿದ್ದರೆ ನೀರು ಬೇಡ. ಕಡಲೆಹಿಟ್ಟನ್ನೋ ಮೈಗೆ ಹಾಕುವ ಪೌಡರನ್ನೋ ಧಾರಾಳವಾಗಿ ಉದುರಿಸಿ, ಕೆಲವು ಗಂಟೆ ಬಿಟ್ಟು ಗುಡಿಸಿ. ಬೇಕಾದರೆ ಇನ್ನೊಮ್ಮೆ. ಕುಂಕುಮ ಬಿದ್ದರೆ ಒದ್ದೆ ಕೈ ಮುಟ್ಟಿಸಬೇಡಿ, ಹಾಸನ್ನು ಎತ್ತಿ ಹೊರಗೆ ಕೊಡಹಿ. ಕೆಸರಿನ ಹೆಜ್ಜೆ ಬಿದ್ದರೆ ಒಣಗುವ ತನಕ ತಾಳ್ಮೆ, ಆಮೇಲೆ ಗುಡಿಸಿದರೆ ಪುಡಿಯಾಗಿ ಬರುತ್ತದೆ. ಮೇಣ ಬಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒತ್ತಿ ಗಟ್ಟಿ ಮಾಡಿ, ಚಮಚದ ಹಿಡಿಯಿಂದ ಕೆರೆದು ತೆಗೆಯಿರಿ.

ಅರಿಸಿನದ್ದು ಬೇರೆಯೇ ಕಥೆ. ಮದುವೆಯಾದ ಹೊಸತರಲ್ಲಿ, ಅರಿಸಿನ ಕುಂಕುಮಕ್ಕೆ ಜನ ಬಂದ ಸಂಜೆ ನನ್ನ ಕೈತಪ್ಪಿ ಅರಿಸಿನದ ನೀರಿನ ಬಟ್ಟಲು ಅತ್ತೆಯ ಜಮಖಾನದ ಮೇಲೆ ಬಿತ್ತು. ಗಾಬರಿಯಲ್ಲಿ ಸೋಪು ತಂದು ತಿಕ್ಕಿದೆ. ಹಳದಿ ಹೋಗಿ ರಕ್ತದಂಥ ಕೆಂಪು! ಬೈಗುಳಕ್ಕೆ ಕಾದು ನಿಂತೆ. ಅತ್ತೆ ಬಂದು ನೋಡಿ, "ಅಳಬೇಡ ಮಾರಾಯ್ತಿ, ಅರಿಸಿನಕ್ಕೆ ಸೋಪು ಕಂಡರೆ ಸಿಟ್ಟು. ನೀರು ಹಾಕಿ ತೊಳೆ, ಬಿಸಿಲಿಗೆ ಹಾಕು, ಸೂರ್ಯ ನೋಡಿಕೊಳ್ತಾನೆ" ಅಂದರು. ಮೂರು ನಾಲ್ಕು ದಿನದ ಬಿಸಿಲಿಗೆ ಕಲೆ ಕಾಣದಾಯಿತು. ಸೋಪು, ಸೋಡದಂಥ ಕ್ಷಾರ ಸೇರಿದರೆ ಅರಿಸಿನ ಕೆಂಪಾಗುತ್ತದೆ, ನಿಂಬೆಯಂಥ ಹುಳಿ ಸೇರಿದರೆ ಮತ್ತೆ ಹಳದಿ, ಬಿಸಿಲು ಬಿದ್ದರೆ ಮಾಸುತ್ತದೆ. ಕಾರಣ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅತ್ತೆ ಅವತ್ತು ಬೈಯಲಿಲ್ಲ ಅನ್ನುವುದು ಮಾತ್ರ ಅವತ್ತೇ ಮನಸ್ಸಿಗೆ ಇಳಿಯಿತು.

ಯಾವ ದ್ರವ ಹಾಕುವುದಿದ್ದರೂ ಮೊದಲು ಹಾಸಿನ ಮೂಲೆಗೆ ಹಚ್ಚಿ, ಒದ್ದೆ ಬಿಳಿಬಟ್ಟೆ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಮುಂದುವರಿಯಬೇಡಿ. ಉಣ್ಣೆಗೆ ಬಟ್ಟೆಸೋಡ, ಬ್ಲೀಚಿಂಗ್ ಪೌಡರ್, ಬಿಸಿನೀರು ಮೂರೂ ವರ್ಜ್ಯ.

ಎತ್ತಿಡಲೇಬೇಕಾದರೆ

ಮಲೆನಾಡಿನ ನಮ್ಮಂಥವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸನ್ನು ಎತ್ತಿಡದೆ ವಿಧಿಯಿಲ್ಲ. ಮಳೆ ಹಿಡಿಯುವ ಮೊದಲೇ, ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಕೊಡಹಿ, ಒಣಗಿಸಿ. ಕೊಳೆ ಇದ್ದ ಹಾಗೇ ಎತ್ತಿಟ್ಟರೆ ನುಸಿಗೆ ಔತಣ. ಮಡಿಸಬೇಡಿ, ಚಾಪೆಯ ಹಾಗೆ ಸುರುಳಿ ಸುತ್ತಿ. ಮಡಿಸಿದ ಗೆರೆಯಲ್ಲೇ ನೂಲು ಮುರಿಯುತ್ತದೆ. ಹೊದಿಕೆಗೆ ಹಳೆಯ ನೂಲಿನ ಸೀರೆ ಅಥವಾ ಪಂಚೆ. ತೇವ ಹಿಡಿದಿಡುವ ಪ್ಲಾಸ್ಟಿಕ್ ಬೇಡ. ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆಯ ಮೇಲಿಡಿ. ಮಳೆಯ ನಡುವೆ ಬಿಸಿಲು ಕಂಡ ದಿನ ತೆಗೆದು ಬಿಚ್ಚಿ, ಗಾಳಿಗೆ ಹರವಿ. ಒಮ್ಮೆಯೂ ಬಿಚ್ಚದ ಕಟ್ಟನ್ನು ನಂಬಬೇಡಿ.

ಬೇವಿನ ಸೊಪ್ಪು, ಲಕ್ಕಿಸೊಪ್ಪು ಇಡುವವರು ಇಡಿ, ತಪ್ಪಿಲ್ಲ. ಆದರೆ ಅದನ್ನೇ ನೆಚ್ಚಿ ಕೂರಬೇಡಿ. ಡಾಂಬರು ಗುಳಿಗೆ ಹಾಕುವುದಾದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ, ಮಕ್ಕಳ ಕೈಗೆ ಸಿಗದ ಕಡೆ. ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕಿಕೊಂಡರೆ ಅದು ವಿಷ. ಹಸುಗೂಸಿನ ಬಟ್ಟೆ, ಹೊದಿಕೆಗಳ ನಡುವೆ ಅದನ್ನು ಇಡಲೇಬೇಡಿ. ಕೆಲವು ಶಿಶುಗಳಿಗೆ ಅದರಿಂದ ರಕ್ತಕಣ ಒಡೆದು ಕಾಮಾಲೆಯಾಗುತ್ತದೆ.

ಕೊನೆಗೊಂದು ಮಾತು. ಹಾಸು ಇರುವುದು ಜನ ಕೂರಲಿ ಅಂತ. ಮಗು ಹಾಲು ಚೆಲ್ಲಿತು ಅಂತ ಬೆನ್ನಿಗೆ ಗುದ್ದಬೇಡಿ. ಸೊಸೆಯ ಕೈತಪ್ಪಿ ಸಾರು ಬಿತ್ತು ಅಂತ ನೆಂಟರೆದುರು ಮುಖ ಗಂಟಿಕ್ಕಬೇಡಿ. ಕಲೆಗೆ ಬಿಸಿಲಿದೆ, ಕಡಲೆಹಿಟ್ಟಿದೆ. ಮನಸ್ಸಿಗೆ ಬಿದ್ದ ಕಲೆಗೆ ಯಾವ ಪುಡಿಯೂ ಇಲ್ಲ.

ನನ್ನ ರತ್ನಗಂಬಳಿ ಏನಾಯಿತು ಅಂತ ಕೇಳುತ್ತೀರಾ? ಗಟ್ಟಿಯಿದ್ದ ಎರಡು ತುಂಡು ಕತ್ತರಿಸಿ, ಕೊಡಹಿ ಬಿಸಿಲಿಗೆ ಹಾಕಿ, ಅಂಚಿಗೆ ದಪ್ಪ ಬಟ್ಟೆ ಹೊಲಿದು ಎರಡು ಕೂರುವ ಹಾಸು ಮಾಡಿದೆ. ಒಂದರ ಮೇಲೆ ನಾನು ಕೂತು ತರಕಾರಿ ಹೆಚ್ಚುತ್ತೇನೆ. ಇನ್ನೊಂದು ಮೊಮ್ಮಗಳದು. ಮೊನ್ನೆ ಅದರ ಮೇಲೆ ಅವಳು ಚಿತ್ರಾನ್ನ ಚೆಲ್ಲಿದಳು. ಚೆಲ್ಲಲಿ ಬಿಡಿ. ಅಪ್ಪ ಕೊಟ್ಟದ್ದು ಈಗ ದಿನಾ ಬಿಸಿಲು ಕಾಣುತ್ತಿದೆ.

ಇವತ್ತು ಸಂಜೆ ಅಟ್ಟದಲ್ಲಿರುವ ನಿಮ್ಮ ಕಟ್ಟನ್ನು ಒಮ್ಮೆ ಇಳಿಸಿ, ಬಿಚ್ಚಿ ನೋಡುತ್ತೀರಲ್ಲವೇ? ನಿಮ್ಮ ಮನೆಯ ಉಪಾಯಗಳಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹತ್ತಿಯ ಹಾಸಿಗೆ, ದಿಂಬುಗಳ ವಿಚಾರ ಮಾತಾಡೋಣ.