ಕೊಂದ್ರೂ ಸಾಯದ ಪ್ರೋಸೆಸ್ಸು

ನಮ್ಮ ಮನಿ ಕಂಪ್ಯೂಟರಿನ್ಯಾಗ ಲಿನಕ್ಸ್ ಅದ. ಹಳೇ ಹಾರ್ಡ್ ಡಿಸ್ಕಿನಿಂದ ಫೋಟೋ ಕಾಪಿ ಮಾಡೂಮುಂದ ಒಮ್ಮೊಮ್ಮೆ ಕೆಲಸ ನಡುವ ನಿಂತುಬಿಡ್ತದ. ‘ಕಿಲ್ ಮೈನಸ್ 9’ ಅಂತ ಹತ್ತು ಸಲ ಹೊಡದ್ರೂ ಪ್ರೋಸೆಸ್ಸು ಜಪ್ಪಯ್ಯ ಅನ್ನಂಗಿಲ್ಲ. ಎಲ್ಲಾರೂ ಅದಕ್ಕ ಹಟಮಾರಿ ಅಂತಾರ. ನನ್ನ ಕೇಳಿದ್ರ ಅದು ಹಟ ಅಲ್ಲರೀ, ಜವಾಬ್ದಾರಿ.

9ನೇ ಸಿಗ್ನಲ್ಲು ಬಂದೂಕಿನ ಗುಂಡಲ್ಲ, ಬಾಗಲಿಗೆ ಅಂಟಿಸಿದ ನೋಟೀಸು. ಯಾವ ಪ್ರೋಗ್ರಾಮೂ ಅದನ್ನ ತಿರಸ್ಕರಿಸೂಹಂಗಿಲ್ಲ, ಖರೆ. ಆದ್ರ ಕರ್ನೆಲ್ ಒಳಗಿನ ಕೆಲಸ ಮುಗಿಸಿ ಹೊರಗ ಬರೂಮುಂದನ ಅದು ಕಣ್ಣಿಗೆ ಬೀಳೂದು. ಡಿಸ್ಕಿನ ಉತ್ತರಕ್ಕ ಕಾಯ್ಕೋತ ಒಳಗ ಕೂತಿದ್ರ ನೋಟೀಸು ಬಾಗಲದಾಗನ ಉಳೀತದ. ಪಟ್ಟಿಯೊಳಗ ಇಂಥಾದ್ದರ ಮುಂದ ‘ಡಿ’ ಅಂತ ಅಕ್ಷರ ಕಾಣ್ತದ.

ಯಾಕ ಹಿಂಗ ಮಾಡ್ಯಾರ? ಕುದಿಯೋ ನೀರಿನ ಹಂಡೆ ಇಬ್ರು ಹಿಡಕೊಂಡು ಹೊಂಟಾಗ ಒಬ್ಬಾಂವನ್ನ ‘ಬಿಟ್ಟು ಬಾ’ ಅಂತ ಕರೀತೀರೇನು? ಡಿಸ್ಕು ಡೇಟಾನ ಸೀದಾ ಮೆಮೊರಿಗೆ ಬರೀತಿರ್ತದ. ನಡುವ ಪ್ರೋಸೆಸ್ಸನ್ನ ಕೊಂದು ಆ ಜಾಗಾ ಬ್ಯಾರೆಯವರಿಗೆ ಕೊಟ್ರ, ತಡಾ ಮಾಡಿ ಬಂದ ಡೇಟಾ ಅವರ ತಲಿಮ್ಯಾಲ ಸುರೀತದ.

ಝಾಂಬಿ ಪ್ರೋಸೆಸ್ಸಿನ ಕಥಿ ಬ್ಯಾರೆ. ಅದು ಮೊದಲ ಸತ್ತಿರ್ತದ. ಹಡದ ಪ್ರೋಸೆಸ್ಸು ಬಂದು ಲೆಕ್ಕಾ ತಗೊಂಡಿಲ್ಲ ಅಂತ ಹೆಸರಷ್ಟ ಪಟ್ಟಿಯೊಳಗ ಉಳದಿರ್ತದ, ತೀರಿಕೊಂಡವರ ಹೆಸರು ರೇಷನ್ ಕಾರ್ಡಿನ್ಯಾಗ ಉಳದಂಗ. ಸತ್ತವರನ್ನ ಮತ್ತ ಕೊಲ್ಲೂದು ಹೆಂಗ? ಹಿರ್ಯಾರನ್ನ ಹಿಡೀಬೇಕು.

ನನ್ನ ತಕರಾರು ಬ್ಯಾರೇದರದು. ಕಾಯೂದು ಸರಿ, ಆದ್ರ ಗಡುವೇ ಇಲ್ಲದ ಕಾಯೂದು ಸರಿ ಅಲ್ಲ. ದೂರದ ಸರ್ವರ್ ಬಂದ್ ಆದ್ರ ಅದರ ಫೈಲಿಗೆ ಕೈ ಹಾಕಿದ ಪ್ರೋಸೆಸ್ಸು ದಿನಗಟ್ಟಲೆ ಹಂಗ ಕೂಡಬೇಕೇನು? 2008ರಾಗ ಬಂದ ಲಿನಕ್ಸ್ 2.6.25 ಇದಕ್ಕ ಒಂದು ನಡುವಿನ ಹಾದಿ ಹುಡುಕ್ತು: ಸಣ್ಣಪುಟ್ಟ ಸಿಗ್ನಲ್ಲಿಗೆ ಏಳಂಗಿಲ್ಲ, ಸಾಯೋ ಸಿಗ್ನಲ್ಲಿಗಷ್ಟ ಏಳ್ತದ. ಬಿಟ್ಟು ಹೋದ್ರೂ ಯಾರಿಗೂ ಧಕ್ಕೆ ಇಲ್ಲದ ಕಡೆ ಎಲ್ಲಾ ಡ್ರೈವರ್ ಬರಿಯೋರೂ ಇದನ್ನ ಬಳಸಬೇಕು ಅಂತೀನಿ.

ಅಲ್ಲೀತನಕ ನಾವು ಮಾಡೂದಿಷ್ಟ. ಸಿಟ್ಟಿಲೆ ಸ್ವಿಚ್ ಆರಿಸಬ್ಯಾಡ್ರಿ. ಸೇವ್ ಆಗದ ಬಾಕಿ ಕೆಲಸಾನೂ ಅದರ ಕೂಡ ಹೋಗ್ತದ. ‘ಯಾಕ ಸಾಯವಲ್ದು’ ಅನ್ನೂದು ಬಿಟ್ಟು ‘ಯಾರ ಹಾದಿ ಕಾಯಕತ್ತದ’ ಅಂತ ಕೇಳ್ರಿ. ಕೇಬಲ್ ಸಡಲ ಆಗೇದೇನು, ನೆಟ್‌ವರ್ಕ್ ಹೋಗೇದೇನು, ಡಿಸ್ಕಿನ ಆಯುಷ್ಯ ಮುಗೀಲಿಕ್ಕೆ ಬಂದದೇನು ನೋಡ್ರಿ. ಕಡೀದು ಖರೆ ಇದ್ರ, ಮೊದಲ ಬ್ಯಾರೆ ಕಡೆ ಕಾಪಿ ಇಟ್ಟುಕೋರಿ.