ತಾನಾಗಿಯೇ ಎಂಬ ಸುಳ್ಳು

"ಮನೆ ಏನು, ತಾನಾಗಿಯೇ ನಡೆದುಕೊಂಡು ಹೋಗುತ್ತೆ ಬಿಡಿ" ಎನ್ನುವವರನ್ನು ನೀವೂ ಕಂಡಿರುತ್ತೀರಿ. ಹೀಗೆ ಹೇಳುವವರು ರಾತ್ರಿ ಹನ್ನೊಂದಕ್ಕೆ ಒಲೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ ಮಲಗಿದವರಲ್ಲ. ಕಂಪ್ಯೂಟರ್ ಕಲಿತು ಕೆಲಸಕ್ಕೆ ಸೇರಿದರೆ ಈ "ತಾನಾಗಿಯೇ"ಯ ಕಾಟ ತಪ್ಪೀತು ಎಂದುಕೊಂಡಿದ್ದೆ. ಅಲ್ಲಿಯೂ ಅದು ಕಾದು ಕುಳಿತಿತ್ತು. ಅದಕ್ಕೆ ಹೆಸರೂ ಇತ್ತು: ಸ್ಮಾರ್ಟ್ ಪಾಯಿಂಟರ್!

ಹೆಸರು ಕೇಳಿ ಪುಟ ಮಗುಚಬೇಡಿ. ಪ್ರೋಗ್ರಾಂ ನಡೆಯುವಾಗ ಗ್ರಾಹಕರ ವಿವರ, ಬಿಲ್ಲು, ಪಟ್ಟಿ ಎಂದು ಸಾವಿರಾರು 'ಆಬ್ಜೆಕ್ಟ್'ಗಳನ್ನು ಹುಟ್ಟಿಸುತ್ತದೆ. ಒಂದೊಂದಕ್ಕೂ ಮೆಮರಿಯಲ್ಲಿ ಜಾಗ ಬೇಕು, ಕೆಲಸ ಮುಗಿದ ಮೇಲೆ ಆ ಜಾಗ ಖಾಲಿಯಾಗಬೇಕು. ಖಾಲಿ ಮಾಡದಿದ್ದರೆ ಮೆಮರಿ ತುಂಬಿ ಯಂತ್ರ ಏದುಸಿರು ಬಿಡುತ್ತದೆ. ಅವಸರಪಟ್ಟು ಬಳಕೆಯಲ್ಲಿರುವುದನ್ನೇ ಅಳಿಸಿದರೆ ಪ್ರೋಗ್ರಾಂ ಕುಸಿಯುತ್ತದೆ, ಕೆಲವೊಮ್ಮೆ ಕಳ್ಳರಿಗೆ ಬಾಗಿಲನ್ನೂ ತೆರೆಯುತ್ತದೆ. ಇದು ಚಿಲ್ಲರೆ ಸಂಗತಿಯಲ್ಲ. ತಾನು ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ನೂರಕ್ಕೆ ಸುಮಾರು 70 ಮೆಮರಿಯನ್ನು ತಪ್ಪಾಗಿ ಬಳಸಿದ್ದರಿಂದ ಆದವು ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ 2019ರಲ್ಲಿ ಹೇಳಿತು.

ಇದಕ್ಕೆ ಜಾರ್ಜ್ ಕಾಲಿನ್ಸ್ ಎಂಬುವರು 1960ರಲ್ಲೇ ಒಂದು ಉಪಾಯ ಬರೆದರು. ನಮ್ಮ ಮಹಿಳಾ ಸಮಾಜದ ಪದ್ಧತಿಯೇ ಅದು: ಸಭೆಗೆ ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂಬ ಲೆಕ್ಕವಿರಲಿ, ಕೊನೆಗೆ ಹೊರಡುವವಳು ದೀಪ ಆರಿಸಿ ಬೀಗ ಹಾಕಲಿ. ಪ್ರತಿ ಆಬ್ಜೆಕ್ಟಿಗೂ ಅದನ್ನು ಹಿಡಿದುಕೊಂಡವರೆಷ್ಟು ಎಂಬ ಎಣಿಕೆ ಇರುತ್ತದೆ. ಎಣಿಕೆ ಸೊನ್ನೆಯಾದೊಡನೆ ಜಾಗ ಖಾಲಿ. ಸಿ ಪ್ಲಸ್ ಪ್ಲಸ್ ಭಾಷೆಗೆ 2011ರಲ್ಲಿ ಸೇರಿದ 'ಶೇರ್ಡ್ ಪಾಯಿಂಟರ್' ಮಾಡುವುದು ಇದನ್ನೇ. ಕೈಯಿಂದ ಅಳಿಸುತ್ತ ಕೂರುವುದಕ್ಕಿಂತ ಇದು ಸಾವಿರ ಪಾಲು ಮೇಲು. ನನ್ನ ತಕರಾರು ಎಣಿಕೆಯ ಮೇಲಲ್ಲ. ಎಣಿಕೆ ಇದೆಯಲ್ಲ, ಇನ್ನು ಯೋಚಿಸುವುದೇನು ಎಂಬ ಉಡಾಫೆಯ ಮೇಲೆ.

2013ರಲ್ಲಿ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೆ. ಗೋದಾಮಿನ ಸರಕಿನ ಲೆಕ್ಕ ಇಡುವ ಪ್ರೋಗ್ರಾಂ ಅದು. "ಎಲ್ಲಾ ಕಡೆ ಶೇರ್ಡ್ ಪಾಯಿಂಟರ್ ಹಾಕಿದ್ದೀವಿ ಮೇಡಂ, ಮೆಮರಿ ತಾನಾಗಿಯೇ ನೋಡಿಕೊಳ್ಳುತ್ತೆ" ಎಂದರು ನಮ್ಮ ತಂಡದ ಮುಖ್ಯಸ್ಥರು. ಆದರೆ ಸಂಜೆಯಾಗುತ್ತಲೇ ಯಂತ್ರ ತೆವಳುತ್ತಿತ್ತು. ಬೆಳಿಗ್ಗೆ ಮಾತ್ರ ಹೂವಿನಂತೆ ಹಗುರ! ಕಾರಣ ತಿಳಿದದ್ದು ಆಮೇಲೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅರಸೀಕೆರೆ ಕಡೆಯ ಹುಡುಗಿಯೊಬ್ಬಳು ದಿನಾ ಬೆಳಿಗ್ಗೆ ಆರಕ್ಕೇ ಬಂದು, ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದಳು. ನಿಲ್ಲಿಸಿದಾಗ ಅದು ಹಿಡಿದ ಮೆಮರಿಯೆಲ್ಲ ಬಿಡುಗಡೆಯಾಗುತ್ತಿತ್ತು. ಅವಳ ಕೆಲಸದ ಪಟ್ಟಿಯಲ್ಲಿ ಇದು ಇರಲಿಲ್ಲ, ಸಂಬಳದಲ್ಲಂತೂ ಇಲ್ಲವೇ ಇಲ್ಲ. "ಹೇಗೂ ಹಾಸ್ಟೆಲ್ ಹತ್ತಿರ ಇದೆಯಲ್ಲಮ್ಮ" ಎಂದಿದ್ದರಂತೆ. ತಾನಾಗಿಯೇ ಎಂದರೆ ಇಷ್ಟೇ ನೋಡಿ: ಮಾಡುವವಳು ಕಣ್ಣಿಗೆ ಬೀಳುವುದಿಲ್ಲ.

ನಾವಿಬ್ಬರೂ ಮೂರು ಸಂಜೆ ಕುಳಿತು ಹುಡುಕಿದೆವು. ಗ್ರಾಹಕನ ಆಬ್ಜೆಕ್ಟ್ ತನ್ನ ಆರ್ಡರುಗಳನ್ನು ಹಿಡಿದಿತ್ತು, ಪ್ರತಿ ಆರ್ಡರೂ ತನ್ನ ಗ್ರಾಹಕನನ್ನು ಹಿಡಿದಿತ್ತು. ಸಭಾಂಗಣದಲ್ಲಿ ಇಬ್ಬರು ಕುಳಿತು, ಅವಳು ಏಳದೆ ನಾನು ಏಳುವುದಿಲ್ಲ, ಇವಳು ಏಳದೆ ನಾನು ಏಳುವುದಿಲ್ಲ ಎಂದರೆ ದೀಪ ರಾತ್ರಿಯೆಲ್ಲ ಉರಿಯುವುದಿಲ್ಲವೇ? ಎಣಿಕೆ ಸೊನ್ನೆಗೆ ಇಳಿಯುವುದೇ ಇಲ್ಲ. ಈ ದೋಷವನ್ನು ಮೆಕ್‌ಬೆತ್ ಎಂಬುವರು 1963ರಲ್ಲೇ ಎತ್ತಿ ತೋರಿಸಿದ್ದರು. ಐವತ್ತು ವರ್ಷದ ಮೇಲೂ ಗೊತ್ತಿರಲಿಲ್ಲ ಎನ್ನುವುದು ನೆಪವಾದೀತೇ ಹೊರತು ಉತ್ತರವಾಗದು.

ಮದ್ದು ಅದೇ ಭಾಷೆಯಲ್ಲೇ ಇತ್ತು. 'ವೀಕ್ ಪಾಯಿಂಟರ್' ಎಂದರೆ ಸಡಿಲ ಹಿಡಿತ. ಆಬ್ಜೆಕ್ಟ್ ಇದ್ದರೆ ಮಾತಾಡಿಸಬಹುದು, ಆದರೆ ಅದನ್ನು ಉಳಿಸಿಕೊಳ್ಳುವ ಎಣಿಕೆಗೆ ಇದು ಸೇರುವುದಿಲ್ಲ. ಒಬ್ಬನೇ ಒಡೆಯನಿದ್ದರೆ ಸಾಕಾದಲ್ಲಿ 'ಯೂನೀಕ್ ಪಾಯಿಂಟರ್' ಇದೆ, ಅಲ್ಲಿ ಎಣಿಕೆಯ ಗೋಜೇ ಇಲ್ಲ. ಗ್ರಾಹಕ ಆರ್ಡರನ್ನು ಗಟ್ಟಿಯಾಗಿ ಹಿಡಿಯಲಿ, ಆರ್ಡರ್ ಗ್ರಾಹಕನನ್ನು ಸಡಿಲವಾಗಿ ಹಿಡಿಯಲಿ ಎಂದು ತೀರ್ಮಾನಿಸಿ ಕೆಲವೇ ಸಾಲು ಬದಲಿಸಿದೆವು. ಕಷ್ಟವಿದ್ದದ್ದು ಬರೆಯುವುದರಲ್ಲಲ್ಲ, ಯಾವುದು ಯಾರದ್ದು ಎಂದು ನಿರ್ಧರಿಸುವುದರಲ್ಲಿ. ಎಲ್ಲ ಕಡೆ 'ಶೇರ್ಡ್' ಎಂದು ಬರೆದವರು ತಪ್ಪಿಸಿಕೊಂಡದ್ದು ಆ ನಿರ್ಧಾರದಿಂದಲೇ. ಎಲ್ಲರದ್ದೂ ಎಂದದ್ದು ಕಡೆಗೆ ಯಾರದ್ದೂ ಅಲ್ಲ. ಬೆಳಿಗ್ಗೆ ಆರಕ್ಕೆ ಬರುವ ಹುಡುಗಿಯ ತಲೆಗೆ ಅದು.

ಬೇರೆ ಭಾಷೆ ಬಳಸಿದರಾಯಿತು ಎನ್ನುವವರುಂಟು. ಪೈಥಾನ್ ಎಣಿಕೆಯ ಜೊತೆಗೆ ಇಂಥ ಸುತ್ತುಗಳನ್ನು ಹುಡುಕುವ ಏರ್ಪಾಟನ್ನು 2000ದಲ್ಲಿ ಮಾಡಿಕೊಂಡಿತು. ಜಾವಾ ಕೂಡ ಸುತ್ತುಗಳನ್ನು ಗುಡಿಸಿ ಹಾಕುತ್ತದೆ. ಒಪ್ಪಿದೆ. ಆದರೆ ಬೇಡವಾದದ್ದನ್ನು ನೀವೇ ಒಂದು ಪಟ್ಟಿಯಲ್ಲಿ ಸೇರಿಸಿಟ್ಟು ಮರೆತರೆ ಯಾವ ಭಾಷೆಯೂ ಅದನ್ನು ಬಿಸಾಡುವುದಿಲ್ಲ. ಅಟ್ಟದ ಮೇಲಿನ ಸಾಮಾನು ಬೇಕೋ ಬೇಡವೋ ಎಂದು ಪೊರಕೆ ಹೇಳೀತೇ?

ಮುಂದಿನ ಸೋಮವಾರ ಆ ಹುಡುಗಿ ಎಲ್ಲರಂತೆ ಒಂಬತ್ತೂವರೆಗೆ ಬಂದಳು. "ನೋಡಿದಿರಾ ಮೇಡಂ, ತಾನಾಗಿಯೇ ಸರಿಹೋಯಿತು" ಎಂದರು ಮುಖ್ಯಸ್ಥರು. ನಾನು ಸುಮ್ಮನಿರಲಿಲ್ಲ. ಯಾರು ಸರಿಮಾಡಿದರು, ಅಷ್ಟು ದಿನ ಯಾರು ಬಂದು ನಿಲ್ಲಿಸುತ್ತಿದ್ದರು ಎಂದು ಎಲ್ಲರೆದುರೇ ಹೇಳಿದೆ. ನಿಮ್ಮ ಮಗಳೂ ನಾಳೆ ಇಂಥ ಕೆಲಸಕ್ಕೆ ಹೋದಾಳು. ಯಾರಾದರೂ "ಅದು ತಾನಾಗಿಯೇ ಆಗುತ್ತೆ" ಎಂದರೆ, ಇದು ಯಾರದ್ದು, ಇದನ್ನು ಬಿಡುವವರು ಯಾರು ಎಂದು ಕೇಳುವುದನ್ನು ಅವಳಿಗೆ ಈಗಲೇ ಕಲಿಸಿ. ಅಡುಗೆಮನೆಯಲ್ಲೇ ಕಲಿಸಬಹುದು. ಮಗನಿಗೂ ಕಲಿಸಿ.